ಮೆಹೆಂದಿ ಹಚ್ಚಿದ ಕೂದಲಿಗೆ ಹೈಲೈಟ್ಸೋ, ಬಾಲಯಾಜೋ, ಒಂಬ್ರೆಯೋ?

ಜಡೆಹುಡುಗಿ

ಎಲ್ಲರಿಗೂ ನಮಸ್ಕಾರ. ಇನ್ನು ಏಳು ವಾರಕ್ಕೆ ಅಣ್ಣನ ಮದುವೆ, ಶಿವಮೊಗ್ಗದಲ್ಲಿ. ನನ್ನ ಕೂದಲು ಸೊಂಟದವರೆಗೆ ಇದೆ. ಮುಂದೆ ಮಾತ್ರ ಗಲ್ಲದವರೆಗೆ ಫ್ಲಿಕ್ಸ್ ಕತ್ತರಿಸಿಕೊಂಡಿದ್ದೇನೆ. ಜೀವನದಲ್ಲಿ ಒಂದು ಸಲವಾದರೂ ಕೂದಲನ್ನು ಸ್ವಲ್ಪ ತಿಳಿ ಬಣ್ಣಕ್ಕೆ ತರಿಸಬೇಕು ಅಂತ ಆಸೆ. ಚಿನ್ನದ ಬಣ್ಣ ಬೇಡ, ಬೆಲ್ಲದ ಬಣ್ಣ ಬಂದರೆ ಸಾಕು.

ಮೂರು ಪಾರ್ಲರ್‌ಗೆ ಹೋಗಿ ಬಂದೆ. ಮೊದಲನೆಯವರು ಹೈಲೈಟ್ಸ್ ಮಾಡಿಸಿ ಅಂದರು. ಎರಡನೆಯವರು ಬಾಲಯಾಜ್ ಅಂದರು, 11,000 ರೂಪಾಯಿ. ಮೂರನೆಯವರು ಇಷ್ಟು ಉದ್ದ ಕೂದಲಿಗೆ ಒಂಬ್ರೆನೇ ಚಂದ ಅಂದರು. ಮೂವರೂ ಫೋನಿನಲ್ಲಿ ಫೋಟೋ ತೋರಿಸಿದರು. ನನಗಂತೂ ಮೂರೂ ಒಂದೇ ಥರ ಕಂಡವು.

ವಯಸ್ಸು 31. ಮುಂದೆ ಒಂದಷ್ಟು ಬಿಳಿ ಕೂದಲು ಇವೆ. ಅದಕ್ಕೆ ಮೂರು ವರ್ಷದಿಂದ ಎರಡು ತಿಂಗಳಿಗೊಮ್ಮೆ ಮೆಹೆಂದಿ ಹಚ್ಚುತ್ತಿದ್ದೆ, ಬುಡದಿಂದ ತುದಿಯವರೆಗೆ. ನಿಲ್ಲಿಸಿ ನಾಲ್ಕು ತಿಂಗಳಾಯಿತು. ಮನೆಗೆ ಬೋರ್‌ವೆಲ್ ನೀರು. ಬಲ್ಲವರು ದಾರಿ ತೋರಿಸಿ.

ಹುಬ್ಬಳ್ಳಿಮಂದಿ

ಸೊಂಟದ ತನಕ ಕೂದಲು ಐತಿ ಅಂತೀರಿ, ಅದಕ್ಕ ಬ್ಲೀಚ್ ಯಾಕ್ರೀ? ನಮಗ ಇದ್ದಿದ್ರ ದೃಷ್ಟಿ ತಗಸ್ತಿದ್ವಿ.

ಕತ್ತರಿಅಕ್ಕ

ಹುಬ್ಬಳ್ಳಿಯವರೇ, ಆಸೆ ಅಂದಮೇಲೆ ಆಸೆ, ಬಿಡಿ. ನಾನು ಹನ್ನೆರಡು ವರ್ಷದಿಂದ ಸಲೂನ್ ಕೆಲಸದಲ್ಲಿದ್ದೇನೆ, ಈಗ ಮೈಸೂರಿನಲ್ಲಿ ಸ್ವಂತದ್ದು. ಜಾಹೀರಾತಿಗೆ ಬಂದಿಲ್ಲ.

ಜಡೆಹುಡುಗಿ, ನಿಮಗೆ ಮೂರೂ ಒಂದೇ ಥರ ಕಂಡದ್ದು ಪೂರ್ತಿ ತಪ್ಪಲ್ಲ. ಮೂರರಲ್ಲೂ ಬಟ್ಟಲಲ್ಲಿ ಕಲಸುವುದು ಅದೇ ಬ್ಲೀಚ್ ಪುಡಿ, ಅದೇ ಡೆವಲಪರ್, ಅಂದರೆ ಪೆರಾಕ್ಸೈಡ್. ಎಲ್ಲಿಂದ ಶುರು ಮಾಡುತ್ತಾರೆ, ಹೇಗೆ ಹಚ್ಚುತ್ತಾರೆ ಅನ್ನುವುದು ಬೇರೆ.

ಹೈಲೈಟ್ಸ್ ಅಂದರೆ ಬಾಚಣಿಗೆಯ ಬಾಲದಲ್ಲಿ ಎಳೆ ಎಳೆಯಾಗಿ ಬಿಡಿಸಿ, ಬುಡದ ಹತ್ತಿರದಿಂದಲೇ ಹಚ್ಚಿ, ಫಾಯಿಲ್‌ನಲ್ಲಿ ಮಡಿಸುವುದು. ಒಳಗೆ ಬಿಸಿ ನಿಲ್ಲುತ್ತದೆ, ಕಲಸಿದ್ದು ಒಣಗುವುದಿಲ್ಲ, ಬಣ್ಣ ಚೆನ್ನಾಗಿ ಬಿಡುತ್ತದೆ. ಇದನ್ನೇ ತೀರಾ ತೆಳ್ಳನೆ ಎಳೆಯಲ್ಲಿ ಮಾಡಿದರೆ ಬೇಬಿಲೈಟ್ಸ್.

ಬಾಲಯಾಜ್ ಫ್ರೆಂಚ್ ಪದ, ಗುಡಿಸುವುದು ಅಂತ ಅರ್ಥ. 1970ರ ದಶಕದಲ್ಲಿ ಪ್ಯಾರಿಸ್ಸಿನ ಸಲೂನ್‌ಗಳಲ್ಲಿ ಬೆಳೆದ ಕೈಚಳಕ. ಫಾಯಿಲ್ ಇಲ್ಲ, ಬ್ರಷ್‌ನಲ್ಲಿ ಕೂದಲಿನ ಮೇಲೆ ಸವರಿಕೊಂಡು ಹೋಗುವುದು. ಬುಡದಲ್ಲಿ ಗೆರೆ ಇರುವುದಿಲ್ಲ, ಬೆಳೆದರೂ ಗೊತ್ತಾಗುವುದಿಲ್ಲ. ಆದರೆ ಅಲ್ಲಿ ಬಹಳ ಜನಕ್ಕೆ ಕೂದಲು ಮೊದಲೇ ಕಂದು. ನಮ್ಮ ಅಳತೆಯಲ್ಲಿ 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. ಇಲ್ಲಿ ಕುರ್ಚಿ ಮೇಲೆ ಕೂರುವವರು ಹೆಚ್ಚಾಗಿ 2, ಇಲ್ಲ 3. ಗಾಳಿಗೆ ಬಿಟ್ಟ ಬ್ಲೀಚ್ ಒಣಗಿದರೆ ಕೆಲಸ ನಿಂತಿತು ಅಂತಲೇ. ಕಪ್ಪು ಕೂದಲು ಇಟ್ಟಿಗೆ ಬಣ್ಣದಲ್ಲೇ ಕೂತುಬಿಡುತ್ತದೆ. ಅದಕ್ಕೇ ಇಲ್ಲಿ ಬಾಲಯಾಜ್ ಅಂತ ಹೇಳಿ ಫಾಯಿಲ್ ಸುತ್ತುವುದು ಜಾಸ್ತಿ. ಅದಕ್ಕೆ ಫಾಯಿಲಾಜ್ ಅನ್ನುತ್ತಾರೆ. ಮೋಸ ಅಲ್ಲ, ನಮ್ಮ ಕೂದಲಿಗೆ ಅದೇ ಸರಿ.

ಒಂಬ್ರೆ ಅಂದರೆ ಅರ್ಧದಿಂದ ಕೆಳಗೆ ಎಲ್ಲಾ ಕೂದಲೂ ತಿಳಿ. ತುದಿಗೆ ಹೋದಹಾಗೆ ಇನ್ನೂ ತಿಳಿ.

ಕೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಹೈಲೈಟ್ಸ್ ಮಾಡಿಸಿದರೆ ಎರಡು ತಿಂಗಳಿಗೆ ಬೈತಲೆಯಲ್ಲಿ ಕಪ್ಪು ಪಟ್ಟಿ ಕಾಣುತ್ತದೆ, ಪಾರ್ಲರ್ ಮತ್ತೆ ಕರೆಯುತ್ತದೆ. ಬಾಲಯಾಜ್ ಆದರೆ ಐದಾರು ತಿಂಗಳು ಆರಾಮ. ಬೇಬಿಲೈಟ್ಸ್ ಎಳೆ ತೆಳ್ಳಗಿರುವುದರಿಂದ ಪಟ್ಟಿ ಅಷ್ಟು ಎದ್ದು ಕಾಣುವುದಿಲ್ಲ.

ಇದೆಲ್ಲ ಆಮೇಲಿನ ಮಾತು. ಮೊದಲು ಹೇಳಿ, ಯಾವ ಮೆಹೆಂದಿ? ಬರೀ ಎಲೆಪುಡಿಯಾ? ಕಬ್ಬಿಣದ ಬಾಣಲೆಯಲ್ಲಿ ನೆನೆಸುತ್ತಿದ್ದಿರಾ? ಯಾವಾಗಲಾದರೂ "ಕಪ್ಪು ಮೆಹೆಂದಿ" ಪ್ಯಾಕೆಟ್ ಹಚ್ಚಿದ್ದಿರಾ? ಆ ಮೂರು ಪಾರ್ಲರ್‌ನವರಲ್ಲಿ ಯಾರಾದರೂ ಇದನ್ನು ಕೇಳಿದರಾ?

ಜಡೆಹುಡುಗಿ

ಯಾರೂ ಕೇಳಲಿಲ್ಲ ಅಕ್ಕ.

ಮೆಹೆಂದಿ ಎಲೆಪುಡಿನೇ. ಟೀ ಡಿಕಾಕ್ಷನ್‌ನಲ್ಲಿ ಕಲಸಿ ರಾತ್ರಿಯಿಡೀ ಇಡುತ್ತಿದ್ದೆ. ಬಾಣಲೆ ಕಬ್ಬಿಣದ್ದಲ್ಲ, ಸ್ಟೀಲ್ ಪಾತ್ರೆ. ಅಜ್ಜಿ ಮಾತ್ರ ಕಬ್ಬಿಣದ ಬಾಣಲೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ, "ಆಗಲೇ ಬಣ್ಣ ಹಿಡಿಯೋದು" ಅಂತ.

ಅಯ್ಯೋ, ಈಗ ನೆನಪಾಯಿತು. ಎರಡು ವರ್ಷದ ಹಿಂದೆ ಗೆಳತಿಯ ನಿಶ್ಚಿತಾರ್ಥಕ್ಕೆ ಹೋಗುವಾಗ ಒಂದು ಕಪ್ಪು ಮೆಹೆಂದಿ ಪ್ಯಾಕೆಟ್ ಹಚ್ಚಿದ್ದೆ. ಒಂದೇ ಸಲ, ಬುಡಕ್ಕೆ ಮಾತ್ರ, ಒಂದು ನಾಲ್ಕು ಬೆರಳಿನಷ್ಟು. ಅಷ್ಟು ಹಳೇದು ಲೆಕ್ಕಕ್ಕೆ ಬರುತ್ತಾ?

ಶಾರ್ಜಾ_ಸಂಜೆ

ಬರುತ್ತದೆ ಕಣ್ರೀ. ನನ್ನ ಕಥೆ ಕೇಳಿ.

ಊರಿಂದ ಬರುವಾಗ ಅಮ್ಮ ಕೊಟ್ಟ ಪುಡಿ ಬಣ್ಣ ಒಂದು ವರ್ಷ ಹಚ್ಚಿದ್ದೆ. ಆಮೇಲೆ ಇಲ್ಲಿನ ಒಂದು ಸಲೂನ್‌ಗೆ ಹೈಲೈಟ್ಸ್‌ಗೆ ಹೋದೆ. ಫಾಯಿಲ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಕಿವಿಯ ಹಿಂದೆ ಬಿಸಿಬಿಸಿ ಅನ್ನಿಸಿತು. ಎಸಿಯಲ್ಲಿ ಕೂತಿದ್ದೆ, ಹೀಟರ್ ಹಾಕಿರಲಿಲ್ಲ. ಕೈಯಿಟ್ಟು ನೋಡಿದರೆ ಫಾಯಿಲ್ ಆಗ ತಾನೇ ಇಳಿಸಿದ ಇಡ್ಲಿ ತಟ್ಟೆಯ ಹಾಗೆ ಸುಡುತ್ತಿತ್ತು. ಕೂಗಿದೆ. ಬಿಚ್ಚಿದಾಗ ಸಣ್ಣಗೆ ಹೊಗೆ, ಹಕ್ಕಿಯ ಪುಕ್ಕ ಸುಟ್ಟ ವಾಸನೆ. ತೊಳೆದಾಗ ಆ ಎಳೆಗಳು ಬೆಂದ ಶಾವಿಗೆಯ ಹಾಗೆ. ಎಳೆದರೆ ಉದ್ದವಾಗುತ್ತವೆ, ಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ, ಪಟ್ ಅಂತ ಕಡಿಯುತ್ತವೆ. ಭುಜದವರೆಗೆ ಕತ್ತರಿಸಬೇಕಾಯಿತು.

ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಮನೆ ಬಣ್ಣ ಅಂದರೆ ಏನಂದುಕೊಳ್ಳುತ್ತಾರೋ ಅಂತ ನಾಚಿಕೆ ನನಗೆ.

ಕೆಂಪುಚಟ್ನಿ

ಸುಮ್ನೆ ಹೆದರಿಸಬೇಡಿ ಅಲ್ವಾ. ನಾನು ಮೆಹೆಂದಿ ಮೇಲೆ ಎರಡು ಸಲ ಹೈಲೈಟ್ಸ್ ಮಾಡಿಸಿದ್ದೇನೆ. ಏನೂ ಆಗಿಲ್ಲ.

ಕತ್ತರಿಅಕ್ಕ

ನೀವು ಹೇಳುವುದೂ ನಿಜ, ಶಾರ್ಜಾದವರು ಹೇಳುವುದೂ ನಿಜ.

ಬರೀ ಮದರಂಗಿ ಎಲೆಯ ಬಣ್ಣ ಕೂದಲಿನ ಕೆರಾಟಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬ್ಲೀಚ್ ಹಾಕಿದರೆ ಅಪಾಯವೇನಿಲ್ಲ, ಹಠ ಮಾಡುತ್ತದೆ ಅಷ್ಟೇ. ಕಿತ್ತಳೆಗೆ ಬಂದು ಮುಂದೆ ಜರುಗುವುದಿಲ್ಲ. ಜೊತೆಗೆ ನೀಲಿ ಸೊಪ್ಪಿನ ಪುಡಿ, ಅದೇ ಇಂಡಿಗೋ, ಹಚ್ಚಿದ್ದರೆ ಹಸಿರು ಬಣ್ಣ ಏಳಬಹುದು.

ಕಪ್ಪು ಮೆಹೆಂದಿಯ ವಿಷಯ ಬೇರೆ. ಮದರಂಗಿ ತಾನಾಗಿ ಕಪ್ಪು ಕೊಡುವುದಿಲ್ಲ. ಎಷ್ಟೋ ಪ್ಯಾಕೆಟ್‌ನಲ್ಲಿ ಪಿಪಿಡಿ ಅನ್ನುವ ಡೈ ಸೇರಿಸಿರುತ್ತಾರೆ. ಡೈಯನ್ನು ಬ್ಲೀಚ್ ಪೂರ್ತಿ ಬಿಡಿಸುವುದು ಕಷ್ಟ, ಮಬ್ಬು ಮರೂನ್‌ನಲ್ಲಿ ನಿಂತುಬಿಡುತ್ತದೆ. ಕೆಲವು ಪುಡಿ ಬಣ್ಣಗಳಲ್ಲಿ ಲೋಹದ ಲವಣ ಇರುತ್ತದೆ. ಅದು ಪೆರಾಕ್ಸೈಡ್ ಜೊತೆ ಸೇರಿದರೆ ಶಾರ್ಜಾದಲ್ಲಿ ಆದ ಹಾಗೆ ಕಾಯುತ್ತದೆ. ಕಬ್ಬಿಣದ ಬಾಣಲೆ ಕೇಳಿದ್ದೂ ಅದಕ್ಕೇ. ಟೀ ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಅಜ್ಜಿ ಹೇಳಿದ್ದು ಸರಿಯೇ. ಆ ಕಬ್ಬಿಣ ಕೂದಲಲ್ಲೂ ಉಳಿಯುತ್ತದೆ, ಕಷ್ಟ ಅದು.

ಎರಡು ವರ್ಷ ಹಳೇದು ಅಂದಿರಿ. ಲೆಕ್ಕ ಹಾಕಿ. ಅವತ್ತು ಬುಡದಲ್ಲಿದ್ದ ಕೂದಲು ಇವತ್ತು ಬುಡದಿಂದ 28, 30 ಸೆಂಟಿಮೀಟರ್ ಕೆಳಗಿದೆ. ಅಲ್ಲಿಂದ ನಾಲ್ಕು ಬೆರಳು ಅಗಲ ಕಪ್ಪು ಮೆಹೆಂದಿ ಇನ್ನೂ ಕೂತಿದೆ. ಬಾಲಯಾಜ್ ಶುರುವಾಗುವುದು, ಒಂಬ್ರೆ ಶುರುವಾಗುವುದು, ಎರಡೂ ಸುಮಾರು ಅದೇ ಜಾಗ.

ದುಡ್ಡು ಕೊಡುವ ಮೊದಲು ಎಳೆ ಪರೀಕ್ಷೆ ಮಾಡಿಸಿ. ಕತ್ತಿನ ಹಿಂದೆ ಒಳಗಡೆಯಿಂದ ಬೆಂಕಿಕಡ್ಡಿ ದಪ್ಪದ ಎಳೆ, ಮುಂದಿನ ಫ್ಲಿಕ್ಸ್‌ನಿಂದ ಇನ್ನೊಂದು. ಬುಡದಿಂದ ಕತ್ತರಿಸಿ, ಬುಡದ ಕಡೆಗೆ ದಾರ ಕಟ್ಟಿ. ಮೊದಲು ಒಂದು ತುಂಡನ್ನು ಗಾಜಿನ ಬಟ್ಟಲಲ್ಲಿ 20 ವಾಲ್ಯೂಮ್, ಅಂದರೆ ನೂರಕ್ಕೆ 6 ಇರುವ, ಪೆರಾಕ್ಸೈಡ್ ಮತ್ತು ಕೆಲವು ಹನಿ ಅಮೋನಿಯಾಕ್ಕೆ ಹಾಕಿ ಅರ್ಧ ಗಂಟೆ ನೋಡಬೇಕು. ಬಿಸಿಯಾದರೆ, ನೊರೆ ಬಂದರೆ, ಬ್ಲೀಚ್ ಮಾತು ಅಲ್ಲಿಗೇ ಬಿಡಿ. ಏನೂ ಆಗದಿದ್ದರೆ ಉಳಿದದ್ದನ್ನು ಬ್ಲೀಚ್ ಹಚ್ಚಿ ಫಾಯಿಲ್‌ನಲ್ಲಿಟ್ಟು ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡಬೇಕು. ಮನೆಯಲ್ಲಿ ಮಾಡಬೇಡಿ, ಪಾರ್ಲರ್‌ನಲ್ಲಿ ಮಾಡಿಸಿ. "ಅದೆಲ್ಲ ಬೇಡ ಮೇಡಂ, ನಮಗೆ ಗೊತ್ತು" ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಬ್ಲೀಚ್ ಆದಮೇಲೆ ಬಣ್ಣ ಹದಕ್ಕೆ ತರಲು ಟೋನರ್ ಅಂತ ಹಚ್ಚುತ್ತಾರೆ, ಅದನ್ನೂ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು. ಅದರಲ್ಲೂ ಪಿಪಿಡಿಯಂಥ ಡೈ ಇರಬಹುದು, ಒಂದು ಸಲ ಸುಮ್ಮನಿದ್ದು ಮುಂದಿನ ಸಲ ಅಲರ್ಜಿ ಆಗಬಹುದು.

ಕೆಂಪುಚಟ್ನಿ

ಸರಿ, ಒಪ್ಪಿದೆ. ನನಗೂ ಕಿತ್ತಳೆನೇ ಬಂದದ್ದು. ಕಾಪರ್ ಕಲರ್ ಬೇಕು ಅಂತಲೇ ಮಾಡಿಸಿದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೆ.

ಸೀಗೆಪುಡಿ

ಇಷ್ಟೆಲ್ಲ ರಾಸಾಯನಿಕ ಯಾಕೆ? ನಿಂಬೆರಸ, ಜೇನುತುಪ್ಪ ಹಚ್ಚಿ ಎಳೆ ಬಿಸಿಲಲ್ಲಿ ಕೂತರೆ ತಾನಾಗಿ ತಿಳಿಯಾಗುತ್ತದಂತೆ.

ಕತ್ತರಿಅಕ್ಕ

ಮೊದಲೇ ಹೊಂಬಣ್ಣ ಇರುವವರಿಗೆ ಒಂಚೂರು ಆಗಬಹುದು. ನಮ್ಮ ಕಪ್ಪಿಗೆ ನಿಂಬೆರಸ ಏನೂ ಮಾಡುವುದಿಲ್ಲ, ಒಣಗಿಸುತ್ತದೆ ಅಷ್ಟೇ. ನಿಂಬೆರಸ ಮೈಮೇಲೆ ಇಳಿದು ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಕಲೆಯೂ ಆಗುತ್ತದೆ. ಜೇನು ದೋಸೆಗೆ ಇಟ್ಟುಕೊಳ್ಳಿ.

ಬೋರ್‌ವೆಲ್_ಬಾಧಿತೆ

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ವೈಟ್‌ಫೀಲ್ಡ್ ಕಡೆ. ಕಾವೇರಿ ನೀರು ಬರುತ್ತಿದ್ದ ಮನೆಯಲ್ಲಿ ಇದ್ದಾಗ ಹೈಲೈಟ್ಸ್ ಚೆನ್ನಾಗಿತ್ತು. ಬೋರ್‌ವೆಲ್ ನೀರಿನ ಮನೆಗೆ ಬಂದ ಒಂದು ತಿಂಗಳಿಗೆ ಅದೇ ಕೂದಲು ತುಕ್ಕು ಹಿಡಿದ ಹಾಗೆ. ಬಕೆಟ್ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಕೂದಲ ಮೇಲೂ ಕೂರುತ್ತದೆ. ಬ್ಲೀಚ್ ಆದ ಕೂದಲು ಇನ್ನೂ ಬೇಗ ಹೀರಿಕೊಳ್ಳುತ್ತದೆ.

ನಾನು ಮಾಡುವುದು ಇಷ್ಟು. ಹದಿನೈದು ದಿನಕ್ಕೊಮ್ಮೆ ಕೀಲೇಟಿಂಗ್ ಶಾಂಪೂ, ನೀರಿನಿಂದ ಕೂತ ಲವಣ, ಲೋಹ ತೆಗೆಯುವಂಥದ್ದು. ಹಿಂದೆ ಬರೆದಿರುವುದರಲ್ಲಿ ಇಡಿಟಿಎ ಇದೆಯಾ ನೋಡಿ ತಗೊಳ್ಳಿ. ಕೊನೆಯ ಚೊಂಬು ಕ್ಯಾನ್ ನೀರು. ತಲೆಗೆ ಸ್ನಾನ ಮಾಡುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗಿಳಿದು ಪ್ರೋಟೀನ್ ತೊಳೆದು ಹೋಗುವುದನ್ನು ಕಮ್ಮಿ ಮಾಡುತ್ತದೆ ಅಂತ 2003ರಲ್ಲಿ ಸಂಶೋಧನೆಯೂ ಬಂದಿದೆ. ಮಾಡಿದ್ದು ಎಣ್ಣೆ ಕಂಪನಿಯವರೇ, ಇರಲಿ, ಅಜ್ಜಿಯಂದಿರು ಅದಕ್ಕೂ ಮೊದಲೇ ಹೇಳಿದ್ದರು.

ಸ್ವಿಮ್ಮಿಂಗ್ ಪೂಲ್‌ಗೆ ಹೋಗುವವರು ಟೋಪಿ ಮರೆಯಬೇಡಿ. ಬ್ಲೀಚ್ ಆದ ಕೂದಲು ಹಸಿರಾಗುವುದು ನೀರಿನಲ್ಲಿರುವ ತಾಮ್ರದಿಂದ.

ಕತ್ತರಿಅಕ್ಕ

ಒಳ್ಳೆ ಮಾತು. ಬ್ಲೀಚ್‌ಗೆ ಮೊದಲೂ ಒಂದೆರಡು ಸಲ ಆ ಶಾಂಪೂ ಹಾಕಿ ತೊಳೆಯಬೇಕು.

ಜಡೆಹುಡುಗಿ · ಎಂಟು ದಿನ ಬಿಟ್ಟು

ಎಳೆ ಪರೀಕ್ಷೆ ಆಯಿತು! ಮೂರೂ ಪಾರ್ಲರ್‌ಗೆ ಫೋನ್ ಮಾಡಿದೆ. ಇಬ್ಬರು ನಕ್ಕರು. ಮೊದಲನೆಯವರು, ಹೈಲೈಟ್ಸ್ ಅಂದಿದ್ದವರು, "ಬನ್ನಿ, ಮಧ್ಯಾಹ್ನ ಖಾಲಿ ಇರುತ್ತೇನೆ" ಅಂದರು.

ಗಾಜಿನ ಬಟ್ಟಲಲ್ಲಿ ಹಾಕಿದ ತುಂಡು ಅರ್ಧ ಗಂಟೆ ಸುಮ್ಮನೆ ಮಲಗಿತ್ತು. ಬಿಸಿಯೂ ಇಲ್ಲ, ನೊರೆಯೂ ಇಲ್ಲ. ಆಮೇಲೆ ಎರಡೂ ಎಳೆಗೆ 20 ವಾಲ್ಯೂಮ್‌ನಲ್ಲಿ ಬ್ಲೀಚ್. 40 ನಿಮಿಷಕ್ಕೆ ತೊಳೆದು ಬಿಳಿ ಟವೆಲ್ ಮೇಲೆ ಪಕ್ಕಪಕ್ಕ ಇಟ್ಟರು.

ಹಿಂದಿನ ಎಳೆ ನೋಡಿ ನನಗೆ ನಗು ಬಂತು. ದಾರ ಕಟ್ಟಿದ ತುದಿಯಲ್ಲಿ ಐದು ಸೆಂಟಿಮೀಟರ್‌ನಷ್ಟು ಚಂದದ ಹಳದಿ ಕಿತ್ತಳೆ, ಮೆಹೆಂದಿ ನಿಲ್ಲಿಸಿದ ನಾಲ್ಕು ತಿಂಗಳು ಅಲ್ಲಿ ಬರೆದಿಟ್ಟ ಹಾಗೆ. ಅಲ್ಲಿಂದ ಕೆಳಗೆ ತಾಮ್ರದ ಚೊಂಬಿನ ಬಣ್ಣ. ಮಧ್ಯದಲ್ಲಿ, ನೀವು ಹೇಳಿದ ಜಾಗದಲ್ಲೇ, ನಾಲ್ಕು ಬೆರಳು ಅಗಲಕ್ಕೆ ಬೀಟ್‌ರೂಟ್ ಪಲ್ಯ ತಳ ಹಿಡಿದ ಹಾಗೆ ಕಪ್ಪು ಮರೂನ್. ಅದು ಒಂದಿಷ್ಟೂ ಕದಲಿಲ್ಲ. ಅದರ ಕೆಳಗೆ ಮತ್ತೆ ತಾಮ್ರ. ಟೇಪ್ ಹಿಡಿದು ನೋಡಿದೆ. ಪಟ್ಟಿ 29ಕ್ಕೆ ಶುರು, 36ಕ್ಕೆ ಮುಗಿಯುತ್ತದೆ.

ಮುಂದಿನ ಎಳೆಯಲ್ಲಿ ಪಟ್ಟಿಯೇ ಇಲ್ಲ. ಒಟ್ಟು ಉದ್ದವೇ 24.

ಕತ್ತರಿಅಕ್ಕ

ಇನ್ನೇನು, ಉತ್ತರ ಟವೆಲ್ ಮೇಲೇ ಇದೆಯಲ್ಲ.

ಒಂಬ್ರೆ ಮಾಡಿಸಿದರೆ ಶುರುವಿನಲ್ಲೇ ಆ ಪಟ್ಟಿ. ಬಾಲಯಾಜ್‌ಗೂ ಅಷ್ಟೇ, ಎಷ್ಟು ನಯವಾಗಿ ಸವರಿದರೂ ನಡುವೆ ಕಪ್ಪು ಬೆಲ್ಟ್ ಕಟ್ಟಿದ ಹಾಗೆ ಕಾಣುತ್ತದೆ. "ಎರಡನೇ ಸಲ ಬ್ಲೀಚ್ ಹಾಕಿ ತೆಗೆಯೋಣ, 40 ವಾಲ್ಯೂಮ್ ಹಾಕೋಣ" ಅನ್ನುವವರು ಸಿಗುತ್ತಾರೆ. 20 ಅಂದರೆ ಪೆರಾಕ್ಸೈಡ್ ನೂರಕ್ಕೆ 6, 30 ಅಂದರೆ 9, 40 ಅಂದರೆ 12. ಆ ಪಟ್ಟಿ ಹೋಗಬಹುದು, ಅದರ ಜೊತೆ ಕೆಳಗಿನ ಜಡೆಯೂ ಹೋಗಬಹುದು.

ಫ್ಲಿಕ್ಸ್‌ನಲ್ಲಿ ಕಪ್ಪು ಮೆಹೆಂದಿ ಇಲ್ಲ, ಕತ್ತರಿಸಿದಾಗಲೇ ಹೋಗಿದೆ. ನಾನಾಗಿದ್ದರೆ ಮುಖದ ಸುತ್ತ ಮಾತ್ರ ಬೇಬಿಲೈಟ್ಸ್, ಎರಡೂ ಕಡೆ ಏಳೆಂಟು ಫಾಯಿಲ್. ಬುಡದ ಕೊನೆಯ ಅರ್ಧ ಇಂಚು ಕೊನೆಗೆ ಹಚ್ಚಬೇಕು. ತಲೆಯ ಬಿಸಿಗೆ, ಅದೂ ಮೆಹೆಂದಿ ಇಲ್ಲದ ಹೊಸ ಕೂದಲು, ಬೇರೆಲ್ಲಕ್ಕಿಂತ ಬೇಗ ತಿಳಿಯಾಗಿಬಿಡುತ್ತದೆ. ಮೇಲೆ ಹಳದಿ, ಕೆಳಗೆ ತಾಮ್ರ ಅಂತ ಆದರೆ ಚೆನ್ನಾಗಿರಲ್ಲ.

ಆಮೇಲೆ ಟೋನರ್. ಇದನ್ನು ಅಮ್ಮನಿಗೆ ಅರ್ಥ ಮಾಡಿಸುವುದು ಸುಲಭ. ಬಿಳಿ ಪಂಚೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುತ್ತಾರಲ್ಲ, ಹಳದಿ ಮುಚ್ಚಲು, ಅದೇ ಕೆಲಸ. ಹಳದಿಗೆ ನೇರಳೆ, ಕಿತ್ತಳೆಗೆ ನೀಲಿ. ನಿಮಗೆ ಬೆಲ್ಲದ ಬಣ್ಣ ಬೇಕಾಗಿರುವುದರಿಂದ ಕಿತ್ತಳೆಯನ್ನು ಪೂರ್ತಿ ಕೊಲ್ಲುವುದೂ ಬೇಡ. ಬೂದು ಕಂದು ಕೇಳಿದ್ದರೆ ಈ ಕೂದಲಲ್ಲಿ ಆಗುವುದಿಲ್ಲ ಅಂದುಬಿಡುತ್ತಿದ್ದೆ.

ಬಿಳಿ ಕೂದಲು ಇರುವುದೂ ಮುಂದೆಯೇ ಅಲ್ವಾ? ತೆಳ್ಳನೆ ತಿಳಿ ಎಳೆಗಳ ನಡುವೆ ಅವು ಬೆರೆತು ಹೋಗುತ್ತವೆ. ಎರಡು ತಿಂಗಳಿಗೊಮ್ಮೆ ಮೆಹೆಂದಿ ಕಲಸುವ ಕೆಲಸವೂ ಉಳಿಯಿತು.

ಉಳಿದ ಜಡೆ ಹಾಗೇ ಇರಲಿ. ಪ್ರತಿ ಸಲ ತುದಿ ಕತ್ತರಿಸುತ್ತಾ ಬಂದರೆ ಪಟ್ಟಿ ತಾನಾಗಿ ಕೆಳಗಿಳಿಯುತ್ತದೆ.

ಮಲೆನಾಡ_ಮೊಗ್ಗು

ಶಿವಮೊಗ್ಗದ ಮದುವೆ ಅಂದಿರಿ. ಮೊಗ್ಗಿನ ಜಡೆ ಹಾಕಿಸುತ್ತೀರಾ? ಹಾಗಾದರೆ ಒಂಬ್ರೆಗೆ ಕೊಟ್ಟ ದುಡ್ಡು ಮಲ್ಲಿಗೆ ಮೊಗ್ಗಿನ ಅಡಿಗೆ ಹೋಗುತ್ತಿತ್ತು. ಕೊನೆಯಲ್ಲಿ ಕುಚ್ಚು ಬೇರೆ.

ಇನ್ನೊಂದು. ದಿನಾ ಜಡೆ ಹೆಣೆಯುವವರು, ತುರುಬು ಕಟ್ಟುವವರು ಅದನ್ನು ಪಾರ್ಲರ್‌ನಲ್ಲಿ ಹೇಳಲೇಬೇಕು. ಅವರು ಬಿಟ್ಟ ಕೂದಲಿಗೆ ನೋಡಿ ಮೇಲಿನ ಪದರಕ್ಕೆ ಹಚ್ಚುತ್ತಾರೆ. ನಾವು ಮನೆಗೆ ಬಂದು ಎತ್ತಿ ಕಟ್ಟುತ್ತೇವೆ, ಕತ್ತಿನ ಮೇಲೆ ಪೂರ್ತಿ ಕಪ್ಪು. ಟೋಪಿ ಬೋರಲು ಹಾಕಿಕೊಂಡ ಹಾಗೆ. ನನಗೆ ಆಗಿದೆ. ಈಗ ಕುರ್ಚಿಯಲ್ಲಿ ಕೂತ ತಕ್ಷಣ ಜಡೆ ಹೆಣೆದು ತೋರಿಸುತ್ತೇನೆ.

ಹುಬ್ಬಳ್ಳಿಮಂದಿ

ಸ್ಮೂದನಿಂಗ್ ಮಾಡಿಸಿದವರ ಗತಿ ಏನ್ರಿ ಅಕ್ಕಾರ? ನನ್ನ ತಂಗಿ ಕೂದಲು ನೆಟ್ಟಗಾಗ್ಲಿ ಅಂತ ರೀಬಾಂಡಿಂಗ್ ಮಾಡಿಸ್ಯಾಳ. ಇದನ್ನ ಓದಿ ಈಗ ನನಗೂ ಹೈಲೈಟ್ಸ್ ಅಂತ ಕುಣೀಲಿಕ್ಕತ್ತಾಳ.

ಕತ್ತರಿಅಕ್ಕ

ರೀಬಾಂಡಿಂಗ್ ಆದ ಕೂದಲಿಗೆ ಬ್ಲೀಚ್ ಬೇಡ. ಕೂದಲಿನ ಒಳಗಿನ ಬಂಧವನ್ನು ಒಂದು ಸಲ ಮುರಿದು ಕೂಡಿಸಿದ್ದಾರೆ. ಅದರ ಮೇಲೆ ಬ್ಲೀಚ್ ಬಿದ್ದರೆ ತಡೆಯುವುದಿಲ್ಲ. ಒಲಾಪ್ಲೆಕ್ಸ್ ಥರದ್ದು, ಆ ಬಂಧ ಕಾಯಲು ಬ್ಲೀಚ್ ಜೊತೆ ಹಾಕುವಂಥದ್ದು, ಹಾಕಿದರೆ ಆಗುತ್ತದೆ ಅನ್ನುತ್ತಾರೆ. ಅವು ಹಾನಿ ಕಮ್ಮಿ ಮಾಡುತ್ತವೆ, ಇಲ್ಲ ಅನ್ನಲ್ಲ. ರೀಬಾಂಡಿಂಗ್ ಜಡೆಯನ್ನು ಅದರ ಭರವಸೆಯಲ್ಲಿ ನಾನಂತೂ ಮುಟ್ಟಲ್ಲ. ತಂಗಿಗೆ ಹೊಸ ಕೂದಲು ಬರುವವರೆಗೆ ಕಾಯಲು ಹೇಳಿ.

ಜಡೆಹುಡುಗಿ · ಎರಡು ತಿಂಗಳು ಬಿಟ್ಟು

ಮದುವೆ ಮುಗಿಯಿತು, ಈಗ ಕೂತು ಬರೆಯುತ್ತಿದ್ದೇನೆ.

ಮದುವೆಗೆ ಹತ್ತು ದಿನ ಮೊದಲು ಮಾಡಿಸಿದೆ. ಒಂದು ಕಡೆ ಏಳು, ಇನ್ನೊಂದು ಕಡೆ ಎಂಟು ಫಾಯಿಲ್. 35 ನಿಮಿಷ. ಬುಡಕ್ಕೆ ಕೊನೆಯ ಹತ್ತು ನಿಮಿಷ ಮಾತ್ರ. ಬಿಚ್ಚಿದಾಗ ಬ್ರೈಟ್ ಕಿತ್ತಳೆ ನೋಡಿ ಎದೆ ಧಸಕ್ ಅಂತು. ಟೋನರ್ ಹಾಕಿ ತೊಳೆದು ಒಣಗಿಸಿದ ಮೇಲೆ ಜೋನಿ ಬೆಲ್ಲ, ಸೌಟಿನಿಂದ ಸುರಿಯುವಾಗ ಬೆಳಕಿಗೆ ಹಿಡಿದ ಹಾಗೆ. 3,800 ಆಯಿತು. ನಾನು ಸೀರೆ ಕುಚ್ಚಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ.

ಮೊಗ್ಗಿನ ಜಡೆನೇ ಹಾಕಿಸಿದೆ. ಮುಂದೆ ಆ ಎಳೆಗಳು ಮಾತ್ರ ಹೊರಗೆ. ಎಲ್ಲರೂ ಗಮನಿಸುತ್ತಾರೆ ಅಂತ ಕಾಯುತ್ತಿದ್ದೆ. ಧಾರೆ ಮುಗಿದು ಊಟದ ಪಂಕ್ತಿಯಲ್ಲಿ ಕೂತಾಗ ಸೋದರತ್ತೆ ನನ್ನ ಗಲ್ಲ ಹಿಡಿದು, ಮುಖ ಆ ಕಡೆ ಈ ಕಡೆ ತಿರುಗಿಸಿ, ಅಮ್ಮನನ್ನು ಕೂಗಿದರು.

"ಏನೇ ಇದು, ಮಗಳ ಕೂದಲು ಹಿಂಗೆ ಕೆಂಚಾಗಿದೆ? ಬೆಂಗಳೂರಲ್ಲಿ ತಲೆಗೆ ಎಣ್ಣೆ ಕಾಣಿಸಲ್ವಾ?"

ಶಾರ್ಜಾ_ಸಂಜೆ

ಅಮ್ಮ ಏನಂದರು?

ಜಡೆಹುಡುಗಿ

ಏನೂ ಅನ್ನಲಿಲ್ಲ. ರಾತ್ರಿ ಬೆಚ್ಚಗೆ ಎಣ್ಣೆ ಕಾಯಿಸಿಕೊಂಡು ಬಂದು ಹಿಂದೆ ಕೂತರು.